ಚಪ್ಪಾಳೆ ಬಿತ್ತು, ಆದರೂ ನುಡಿಸಿದಂತೆ ಅನ್ನಿಸಲಿಲ್ಲ

ಪ್ರಶ್ನೆ: ನಾನು ಕುಶಾಲನಗರದವನು. ಬಹಳ ವರ್ಷಗಳಿಂದ ಒಂದು ವಾದ್ಯಗೋಷ್ಠಿಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಮದುವೆ, ಜಾತ್ರೆ, ಗಣೇಶೋತ್ಸವ, ವಾರಾಂತ್ಯದಲ್ಲಿ ರೆಸಾರ್ಟ್, ಇದೇ ನನ್ನ ಜೀವನೋಪಾಯ. ಕಳೆದ ಡಿಸೆಂಬರ್‌ನಲ್ಲಿ ಒಂದು ದೊಡ್ಡ ಉತ್ಸವದಲ್ಲಿ ನುಡಿಸಿದೆವು. ಮೈದಾನ ತುಂಬ ಜನ, ಒಳ್ಳೆಯ ಚಪ್ಪಾಳೆ, ಸಂಭಾವನೆಯೂ ಸರಿಯಾಗಿ ಬಂತು. ಆದರೂ ಮನೆಗೆ ಬಂದಾಗ ಏನೂ ನುಡಿಸಿಯೇ ಇಲ್ಲ ಎನ್ನಿಸಿತು. ಅದೇ ತಿಂಗಳು ನಾಪೋಕ್ಲು ಕಡೆಯ ಒಂದು ಮನೆಯಂಗಳದಲ್ಲಿ ನಾವು ನಾಲ್ಕೇ ಜನ ಕುಳಿತು ನುಡಿಸಿದ ಖುಷಿ ಎರಡು ದಿನ ಇಳಿಯಲಿಲ್ಲ. ಹೀಗೇಕೆ? ರೆಸಾರ್ಟ್ ಕೆಲಸ ಬಿಟ್ಟುಬಿಡಲೇ? ನಮ್ಮ ಗಾಯಕರು ಈಗೀಗ ಟ್ರ್ಯಾಕ್ (ಮೊದಲೇ ಮುದ್ರಿಸಿದ ಹಿನ್ನೆಲೆ ಸಂಗೀತ) ಹಾಕಿಕೊಂಡೇ ಹಾಡೋಣ ಎನ್ನುತ್ತಿದ್ದಾರೆ, ಅದಕ್ಕೇನು ಹೇಳುತ್ತೀರಿ? ದೊಡ್ಡ ಕಾರ್ಯಕ್ರಮದ ಮರುದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ, ಅದು ಇದ್ದದ್ದೇ.

ಉತ್ತರ: ಆ ಉತ್ಸವದ ರಾತ್ರಿ ನಿಮ್ಮ ತಬಲದವರು ಏನು ನುಡಿಸಿದರು, ಹೇಳಬಲ್ಲಿರಾ? ಯಾವ ಹಾಡಿನಲ್ಲಿ ಅವರು ಲಗ್ಗಿ (ತಬಲದ ನಡೆ) ಬದಲಿಸಿದರು, ಎಲ್ಲಿ ಕೈ ಬಿಗಿಹಿಡಿದರು? ನಾಪೋಕ್ಲಿನ ಅಂಗಳದ್ದನ್ನು ಕೇಳಿದರೆ ತಕ್ಷಣ ಹೇಳುತ್ತೀರಿ, ನನಗೆ ಸಂದೇಹವಿಲ್ಲ. ದೊಡ್ಡ ವೇದಿಕೆಯದ್ದು ನೆನಪಿಗೆ ಬರಲಿಕ್ಕಿಲ್ಲ. ಅದು ಮರೆವಲ್ಲ. ಆ ರಾತ್ರಿ ತಬಲ ನಿಮಗೆ ಕೇಳಿಸಿಯೇ ಇರಲಿಲ್ಲ.

ನಾನು ಪಕ್ಕವಾದ್ಯದವನು. ಕಚೇರಿಗೆ ಮೃದಂಗ, ಸುಗಮ ಸಂಗೀತಕ್ಕೆ ತಬಲ, ಕರೆದಲ್ಲಿಗೆ ಹೋಗಿ ನುಡಿಸಿ ಬದುಕಿದವನು. ನಿಮ್ಮ ಪ್ರಶ್ನೆಯನ್ನು ಜೊತೆಯ ಕಲಾವಿದರು ಬೇರೆ ಬೇರೆ ಮಾತುಗಳಲ್ಲಿ ನನ್ನಲ್ಲಿ ಕೇಳಿದ್ದಾರೆ. ಕೆಲವರು ಜನರನ್ನು ದೂರುತ್ತಾರೆ, ಕೆಲವರು ತಮ್ಮ ವಯಸ್ಸನ್ನು. ನನಗೆ ಗೊತ್ತಿರುವಂತೆ ನುಡಿಸಿ ದುಡಿಯುವವನ ತೃಪ್ತಿ ಚಪ್ಪಾಳೆಯ ಮೇಲೆ ನಿಂತಿರುವುದು ಸ್ವಲ್ಪವೇ. ಪಕ್ಕದವನು ನುಡಿಸಿದ್ದು ನನಗೆ ಕೇಳಿಸಬೇಕು, ನಾನು ನುಡಿಸಿದ್ದು ಅವನಿಗೆ ಕೇಳಿಸಬೇಕು, ಕೇಳಿಸಿಕೊಂಡದ್ದಕ್ಕೆ ಇಬ್ಬರೂ ಅಲ್ಲೇ ಉತ್ತರ ಕೊಡಬೇಕು. ಇದು ನಡೆದ ದಿನ ಎದುರಿಗೆ ಹತ್ತು ಜನ ಇದ್ದರೂ ಸಾಕು. ನಡೆಯದ ದಿನ ಹತ್ತು ಸಾವಿರ ಜನ ಇದ್ದರೂ ನೀವು ಒಬ್ಬರೇ ಅಭ್ಯಾಸ ಮಾಡಿ ಬಂದಂತೆಯೇ.

ಇದು ಬರೀ ಭಾವನೆಯ ಮಾತಲ್ಲ, ಇದರಲ್ಲಿ ಲೆಕ್ಕವಿದೆ. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂಗಳದಲ್ಲಿ ತಬಲದವರು ನಿಮ್ಮಿಂದ ಒಂದೂವರೆ ಮೀಟರ್ ದೂರದಲ್ಲಿದ್ದರು ಎನ್ನಿ, ಅವರ ಪೆಟ್ಟು 5 ಮಿಲಿಸೆಕೆಂಡಿಗೆ ನಿಮ್ಮ ಕಿವಿಯಲ್ಲಿತ್ತು. ದೊಡ್ಡ ವೇದಿಕೆಯಲ್ಲಿ ನೋಟ ಚೆನ್ನಾಗಿರಲಿ ಎಂದು ಸಂಘಟಕರು ವಾದ್ಯದವರನ್ನು ಎರಡು ತುದಿಗಳಿಗೆ ಹರಡುತ್ತಾರೆ, ನಡುವೆ ಹೂಕುಂಡ, ಸ್ಮರಣಿಕೆಯ ಮೇಜು. ಅಂತರ 10 ಮೀಟರ್ ಆಯಿತೆಂದರೆ 30 ಮಿಲಿಸೆಕೆಂಡ್. ಇಬ್ಬರ ನಡುವಿನ ವಿಳಂಬ 25–30 ಮಿಲಿಸೆಕೆಂಡ್ ದಾಟಿದರೆ ಒಬ್ಬರನ್ನೊಬ್ಬರು ಕಾಯುತ್ತ ಲಯ ಹಿಂದಕ್ಕೆ ಜಾರತೊಡಗುತ್ತದೆ. ಯಾರೂ ತಪ್ಪು ನುಡಿಸಿರುವುದಿಲ್ಲ, ಹಾಡು ಮಾತ್ರ ಭಾರವಾಗುತ್ತದೆ.

ಇನ್ನೊಂದಿದೆ. ನಿಮಗೆ ಮಾನಿಟರ್ (ನುಡಿಸುವವರ ಕಡೆಗೆ ತಿರುಗಿಸಿಟ್ಟ ಸ್ಪೀಕರ್) ಸರಿಯಾಗಿ ಕೊಡದಿದ್ದರೆ ಜನರ ಕಡೆಗೆ ತಿರುಗಿಸಿದ ದೊಡ್ಡ ಸ್ಪೀಕರ್‌ಗಳ ಶಬ್ದ ಎದುರಿನ ಕಟ್ಟಡಕ್ಕೆ ಬಡಿದು ಮರಳಿ ಬರುವುದನ್ನೇ ನೀವು ಕೇಳುತ್ತೀರಿ. ಆ ಗೋಡೆ 30 ಮೀಟರ್ ದೂರದಲ್ಲಿದ್ದರೆ ಹೋಗಿ ಬರಲು 175 ಮಿಲಿಸೆಕೆಂಡ್. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೆ 500, ಅದರ ಕಾಲು ಭಾಗಕ್ಕೆ 125. ಎಂದರೆ ನೀವು ಕೇಳುತ್ತಿರುವುದು ಆಗಲೇ ಕಳೆದುಹೋದ ತಾಳದ ಅಕ್ಷರವನ್ನು, ಎಂದರೆ ಬಡಿತದ ತುಣುಕನ್ನು. ಅನುಭವಸ್ಥರು ಇಂಥ ಕಡೆ ಏನು ಮಾಡುತ್ತಾರೆ? ಕಿವಿಯನ್ನು ಮುಚ್ಚಿಕೊಂಡಂತೆ ಮಾಡಿ ಬೆರಳುಗಳ ರೂಢಿಯನ್ನು ನಂಬುತ್ತಾರೆ. ಕಾರ್ಯಕ್ರಮ ಕೆಡುವುದಿಲ್ಲ, ಜನ ಚಪ್ಪಾಳೆ ತಟ್ಟುತ್ತಾರೆ. ನೀವು ಬರಿಗೈಯಲ್ಲಿ ಮನೆಗೆ ಬರುತ್ತೀರಿ.

ಕೇಳಿಸದಿದ್ದಾಗ ಎಲ್ಲರೂ ಮಾಡುವ ಕೆಲಸ ಒಂದೇ: ನನ್ನದು ಜಾಸ್ತಿ ಮಾಡಿ ಎಂದು ಬೆರಳು ಮೇಲೆತ್ತುವುದು. ನಿಮ್ಮದು ಏರಿದ ಕೂಡಲೇ ಗಿಟಾರಿನವರಿಗೆ ತಮ್ಮದು ಕೇಳಿಸುವುದಿಲ್ಲ, ಅವರ ಬೆರಳೂ ಏರುತ್ತದೆ. ಗದ್ದಲದಲ್ಲಿ ಮನುಷ್ಯ ಅರಿವಿಲ್ಲದೆ ದನಿ ಏರಿಸುತ್ತಾನೆ ಎಂಬುದನ್ನು ಎಟಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ 1911ರಷ್ಟು ಹಿಂದೆಯೇ ಗುರುತಿಸಿದ. ನಮ್ಮ ವೇದಿಕೆಗಳಲ್ಲಿ ಅದು ಪ್ರತಿ ಸಂಜೆಯೂ ನಡೆಯುತ್ತದೆ. ಅರ್ಧ ಗಂಟೆಯಲ್ಲಿ ಎಲ್ಲರದೂ ತುತ್ತತುದಿಯಲ್ಲಿರುತ್ತದೆ, ಯಾರಿಗೂ ಯಾರದೂ ಕೇಳಿಸುವುದಿಲ್ಲ.

ಆದ್ದರಿಂದ ಮಾನಿಟರ್‌ನಲ್ಲಿ ಹೆಚ್ಚು ಕೇಳಬೇಡಿ, ಕಡಿಮೆ ಕೇಳಿ. ನಿಮ್ಮ ಮುಂದಿನ ಸ್ಪೀಕರ್‌ನಲ್ಲಿ ಗಾಯಕರ ದನಿ ಮತ್ತು ಒಂದು ತಾಳವಾದ್ಯ ಮೊದಲು ಬರಲಿ, ನಿಮ್ಮ ಕೀಬೋರ್ಡ್ ಆಮೇಲೆ, ಅದೂ ಬೇಕಾದಷ್ಟೇ. ಮಾನಿಟರ್‌ಗೆ ಎಕೋ ಬೇಡವೇ ಬೇಡ, ಅದು ಜನರಿಗಿರಲಿ. ಮೈಕ್ ಸೆಟ್‌ನವರು ನಿಮ್ಮನ್ನು ಎಲ್ಲಿ ಕೂರಿಸಿದರೆ ಅಲ್ಲೇ ಕೂರುವ ಸಂಕೋಚ ಬಿಡಿ. ತಬಲ, ರಿದಂ ಪ್ಯಾಡ್, ಕೀಬೋರ್ಡ್ ಮೂವರೂ ಅರ್ಧಚಂದ್ರಾಕಾರದಲ್ಲಿ, ಒಬ್ಬರ ಕೈ ಇನ್ನೊಬ್ಬರಿಗೆ ಕಾಣುವಂತೆ ಕುಳಿತರೆ ಕಿವಿ ಸೋತಲ್ಲಿ ಕಣ್ಣು ಕೆಲಸ ಮಾಡುತ್ತದೆ. ಕಿವಿಯೊಳಗೆ ಇಟ್ಟುಕೊಳ್ಳುವ ಮಾನಿಟರ್ ಕೊಳ್ಳುವ ಯೋಚನೆ ಇದ್ದರೆ ಒಳ್ಳೆಯದು, ಆದರೆ ಮೊಬೈಲ್‌ನ ಬ್ಲೂಟೂತ್ ಇಯರ್‌ಫೋನನ್ನು ಅದಕ್ಕೆ ಬಳಸಬೇಡಿ. ಅದರ ವಿಳಂಬ ನೂರು ಮಿಲಿಸೆಕೆಂಡನ್ನೂ ಮೀರುವುದುಂಟು, ಮೇಲೆ ಹೇಳಿದ ಗೋಡೆಯನ್ನು ನೀವೇ ಕಿವಿಯೊಳಗೆ ಕಟ್ಟಿಕೊಂಡಂತೆ.

ಪಕ್ಕದವನಿಗೆ ಕೇಳಿಸಬೇಕೆಂಬ ಹಟ ಹೊಸದೇನಲ್ಲ. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಕೊಂಡದ್ದು ಧ್ವನಿವರ್ಧಕ ಇನ್ನೂ ರೂಢಿಯಾಗದ ಕಾಲದಲ್ಲಿ, ದೊಡ್ಡ ಸಭೆಗೂ ಭಾರಿ ಕಂಠದ ಗಾಯಕರ ಪಕ್ಕದಲ್ಲಿಯೂ ಪಿಟೀಲಿನ ನಾದ ಸಾಕಾಗುತ್ತಿರಲಿಲ್ಲ ಎಂದು. ನಮ್ಮ ಕೊಡವರ ಸಾಂಪ್ರದಾಯಿಕ ಹಾಡು ಬಾಳೊ ಪಾಟನ್ನು ನೋಡಿ. ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಒತ್ತೊತ್ತಾಗಿ ನಿಲ್ಲುತ್ತಾರೆ, ಇಬ್ಬರು ಹಾಡಿದ ಸಾಲನ್ನು ಉಳಿದಿಬ್ಬರು ಎತ್ತಿಕೊಳ್ಳುತ್ತಾರೆ. ಅಲ್ಲಿ ಮೈಕೂ ಇಲ್ಲ, ಮಾನಿಟರ್ರೂ ಇಲ್ಲ. ಎದುರಿನ ಜೋಡಿ ಸಾಲು ಮುಗಿಸುವ ಉಸಿರು ಕೇಳಿಸದೆ ಈ ಜೋಡಿ ಎತ್ತಿಕೊಳ್ಳಲಾಗದು. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಮನೆಯಿಂದ ಮನೆಗೆ ನಡೆದು ಹಾಡಿದರೂ ಅವರ ಮುಖ ಬಾಡದಿರುವುದು ಕಳ್ಳಿನ ಕೃಪೆಯಿಂದ ಮಾತ್ರವಲ್ಲ.

ಕೇಳಿಸಿದ ಮೇಲೆ ಶ್ರುತಿಯ ಮಾತು. ಕೊಡಗಿನಲ್ಲಿ ಇದು ಬಯಲುಸೀಮೆಗಿಂತ ಕಷ್ಟ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಚರ್ಮ ತೇವ ಹೀರಿದರೆ ಸಡಿಲವಾಗಿ ತಬಲದ ಶ್ರುತಿ ಇಳಿಯುತ್ತದೆ. ಹೊದಿಕೆ ಬಿಚ್ಚಿ ಸುತ್ತಿಗೆಯಲ್ಲಿ ಏರಿಸಿದರೆ ಮೂರನೆಯ ಹಾಡಿಗೆ ಮತ್ತೆ ಇಳಿದಿರುತ್ತದೆ. ಡಿಸೆಂಬರ್ ಸಂಜೆಯ ಬಯಲು ವೇದಿಕೆಯಲ್ಲಿ ಬೇರೆಯೇ ಫಜೀತಿ. ಹೊತ್ತು ಮುಳುಗಿ ಚಳಿ ಬಿದ್ದ ಹಾಗೆ ಗಿಟಾರಿನ ಲೋಹದ ತಂತಿ ಕುಗ್ಗಿ ಶ್ರುತಿ ಮೇಲೇರುತ್ತದೆ. ಕೊಳಲಿನದು ತದ್ವಿರುದ್ಧ. ತಣ್ಣನೆಯ ಗಾಳಿಯಲ್ಲಿ ಶಬ್ದ ನಿಧಾನ, ಆದ್ದರಿಂದ ಅದೇ ಕೊಳಲು ತಗ್ಗಿ ನುಡಿಯುತ್ತದೆ. ಕೊಳಲಿನೊಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ ಷಡ್ಜಕ್ಕೂ ಕರ್ನಾಟಕ ಸಂಗೀತದ ಶುದ್ಧ ರಿಷಭಕ್ಕೂ ಇರುವ ಅಂತರದ ಸುಮಾರು ಮೂರನೇ ಒಂದು ಭಾಗ ಇಳಿದಿರುತ್ತದೆ, ಊದಿ ಬೆಚ್ಚಗಾದ ಮೇಲೆ ಸ್ವಲ್ಪ ಸುಧಾರಿಸುತ್ತದೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ, ನಡುವೆ 440 ಹರ್ಟ್ಜ್‌ನ ಸ್ಥಿರ ಶ್ರುತಿಯಲ್ಲಿ ಕದಲದೆ ಕುಳಿತ ನಿಮ್ಮ ಕೀಬೋರ್ಡ್!

ಆ ಗುಂಪಿನಲ್ಲಿ ಯಾವ ಕಷ್ಟವೂ ಇಲ್ಲದೆ ಬಗ್ಗಬಲ್ಲವರು ನೀವೇ. ಇಡೀ ವಾದ್ಯದ ಶ್ರುತಿಯನ್ನು ಒಟ್ಟಿಗೇ ಏರಿಸಿ ಇಳಿಸುವ ಮಾಸ್ಟರ್ ಟ್ಯೂನ್ ಎಂಬ ಸೌಲಭ್ಯ ಬಹುತೇಕ ಕೀಬೋರ್ಡ್‌ಗಳಲ್ಲಿ ಇದೆ. ಎರಡು ಹಾಡುಗಳ ನಡುವೆ ಕೊಳಲಿನವರತ್ತ ತಿರುಗಿ ಒಂದು ಸ್ವರ ಕೇಳಿ ನಿಮ್ಮದನ್ನು ಕೂದಲೆಳೆಯಷ್ಟು ಇಳಿಸಿ, ಗಿಟಾರಿನವರಿಗೂ ಹೇಳಿ. ಕೀಬೋರ್ಡೇ ಸರಿ, ಉಳಿದವರು ಹೊಂದಿಸಿಕೊಳ್ಳಲಿ ಎಂಬ ಧೋರಣೆ ಎಷ್ಟು ತಂಡಗಳ ನೆಮ್ಮದಿ ಕೆಡಿಸಿದೆಯೋ ಹೇಳತೀರದು. ಶ್ರುತಿ ಕೂಡಿದ ಕ್ಷಣ ವೇದಿಕೆಯ ಮೇಲೆ ಎಲ್ಲರ ಭುಜ ಇಳಿಯುತ್ತದೆ, ಗಮನಿಸಿ ನೋಡಿ.

ಇನ್ನು ಜನ. ಜನ ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಡು ಮುಗಿದ ಮೇಲೆ ಬೀಳುವ ಚಪ್ಪಾಳೆಗೂ ಹಾಡಿನ ನಡುವೆ ಸಿಗುವ ಉತ್ತರಕ್ಕೂ ವ್ಯತ್ಯಾಸವಿದೆ ಎನ್ನುತ್ತಿದ್ದೇನೆ. ಕಚೇರಿಯಲ್ಲಿ ಮುಂದಿನ ಸಾಲಿನ ಒಬ್ಬ ಹಿರಿಯರು ತೊಡೆಯ ಮೇಲೆ ತಾಳ ಹಾಕುತ್ತ ನನ್ನ ತೀರ್ಮಾನ (ಮುಕ್ತಾಯದ ಲಯಗುಚ್ಛ) ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದಾಗ ತಲೆ ಆಡಿಸಿದರೆ ನನಗೆ ಆ ಸಂಜೆಗೆ ಅಷ್ಟು ಸಾಕು. ತಾಳವಾದ್ಯಕ್ಕೇ ಮೀಸಲಾದ ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಏಳುವವರು ಆಮೇಲೆ ಎಷ್ಟು ಚಪ್ಪಾಳೆ ಹೊಡೆದರೂ ನನಗೆ ಅದು ತಟ್ಟುವುದಿಲ್ಲ. (ಕಾಫಿ ಬೆಳೆಯುವ ನಾಡಿನಲ್ಲಿ ಇದನ್ನು ಹೇಳಬಾರದೇನೋ.)

ಕೊಡವ ಮದುವೆಯ ವಾಲಗವನ್ನೇ ತೆಗೆದುಕೊಳ್ಳಿ. ಅಲ್ಲಿ ಕುಳಿತು ಕೇಳುವವರು ಯಾರಿದ್ದಾರೆ? ಕುಪ್ಯಚೇಲೆ ಉಟ್ಟ ಗಂಡಸರು, ಸೀರೆ ಸೆರಗು ಬಿಗಿದ ಹೆಂಗಸರು, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಕುಣಿಯುತ್ತಿರುತ್ತಾರೆ. ಚಪ್ಪಾಳೆಯ ಪ್ರಸ್ತಾಪವೇ ಇಲ್ಲ. ಆದರೆ ವಾಲಗದವರು ಲಯವನ್ನು ಒಂದು ಎಳೆ ಬಿಗಿ ಮಾಡಿದರೆ ಆ ಕ್ಷಣವೇ ಎದುರಿನ ಕಾಲುಗಳು ಬಿಗಿಯಾಗುತ್ತವೆ. ಕಾಲುಗಳು ಹುರುಪಾದರೆ ಕೋಲು ಹಿಡಿದ ಕೈಯೂ ಹುರುಪಾಗುತ್ತದೆ. ಕೊಂಬು ಊದಿ ಚರ್ಮವಾದ್ಯ ಬಾರಿಸುವ ಕೊಂಬು ಕೊಟ್ಟ್ ಗಂಟೆಗಟ್ಟಲೆ ನಡೆದರೂ ಬಾರಿಸುವವರಿಗೆ ಸುಸ್ತು ತಡವಾಗಿ ತಿಳಿಯುವುದಕ್ಕೆ ಕಾರಣ ಇದೇ ಇರಬೇಕು. ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡಿದ, ಬಾರಿಸಿದ, ಕುಣಿದ ಮೇಲೆ ಜನರ ನೋವು ತಾಳುವ ಶಕ್ತಿ ಏರಿತ್ತು, ಬರೀ ಸಂಗೀತ ಕೇಳಿ ಕುಳಿತವರಲ್ಲಿ ಹಾಗೆ ಆಗಲಿಲ್ಲ. ನಾಪೋಕ್ಲಿನಲ್ಲಿ ನಿಮಗೆ ಎರಡು ದಿನ ಉಳಿದ ಖುಷಿಯಲ್ಲಿ ಇದರದ್ದೂ ಪಾಲಿರಬಹುದು. ಅಂಗಳದವರು ನಿಮ್ಮೊಡನೆ ಹಾಡಿದ್ದರು ಅಲ್ಲವೇ? ಹಾಡಿರಲೇಬೇಕು.

ದೊಡ್ಡ ಮೈದಾನದಲ್ಲಿ ಬೆಳಕೆಲ್ಲ ನಿಮ್ಮ ಕಣ್ಣಿಗೆ, ಜನ ಕತ್ತಲಲ್ಲಿ. ಅವರ ಕಾಲು ಕಾಣದು, ಮುಖ ಕಾಣದು, ಮೊಬೈಲ್‌ಗಳ ದೀಪ ಕಾಣುತ್ತದೆ. ಮುಂದಿನ ಮೂರು ಸಾಲಿನ ಮೇಲೆ ಸ್ವಲ್ಪ ಬೆಳಕು ಬಿಡಿ ಎಂದು ಲೈಟಿಂಗ್‌ನವರನ್ನು ಕೇಳಿ. ಯಾರೂ ಕೇಳುವುದಿಲ್ಲವಾದ್ದರಿಂದ ಅವರು ಆಶ್ಚರ್ಯದಿಂದಲೇ ಒಪ್ಪಿಕೊಳ್ಳುತ್ತಾರೆ.

ಸಮಯದ ವಿಷಯವನ್ನೂ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅತೃಪ್ತಿಗೆ ಸಾಮಾನ್ಯವಾದ ಕಾರಣ ಸಭಾ ಕಾರ್ಯಕ್ರಮ. ಏಳಕ್ಕೆ ನಿಮ್ಮದು ಎಂದಿರುತ್ತಾರೆ. ಉದ್ಘಾಟನೆ, ಸನ್ಮಾನ, ಮುಖ್ಯ ಅತಿಥಿಗಳ ಎರಡು ಮಾತು (ಅದು ಎರಡಕ್ಕೆ ನಿಂತದ್ದುಂಟೇ), ವಂದನಾರ್ಪಣೆ ಮುಗಿದು ನಿಮಗೆ ಮೈಕ್ ಸಿಗುವಾಗ ಎಂಟೂ ಮುಕ್ಕಾಲು. ಶಬ್ದ ಮಾಲಿನ್ಯ ನಿಯಂತ್ರಣದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವರ್ಷದಲ್ಲಿ ಹೆಚ್ಚೆಂದರೆ 15 ದಿನ ರಾಜ್ಯ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಹಾಗಾಗಿ ಹತ್ತಕ್ಕೆ ಪೊಲೀಸರು ಬಂದು ನಿಂತಿರುತ್ತಾರೆ, ಅವರದ್ದು ತಪ್ಪಲ್ಲ. ನಿಮ್ಮ ಪಟ್ಟಿಯ ಇಪ್ಪತ್ತು ಹಾಡುಗಳಲ್ಲಿ ಹನ್ನೊಂದು ಹೋಗುತ್ತವೆ, ಉಳಿದವನ್ನು ಓಡಿಸಿಕೊಂಡು ಹೋಗುತ್ತೀರಿ. ಓಡುವವನು ಪಕ್ಕದವನನ್ನು ಕೇಳಿಸಿಕೊಳ್ಳುವುದೆಲ್ಲಿ? ಒಂದೂಕಾಲು ಗಂಟೆಯ ಪಟ್ಟಿಯೊಂದನ್ನು ಬೇರೆಯೇ ಮಾಡಿ ಜೇಬಿನಲ್ಲಿಟ್ಟುಕೊಳ್ಳಿ. ಕತ್ತರಿಸಿದ ಪಟ್ಟಿಗೂ ಅಷ್ಟಕ್ಕೆಂದೇ ಕಟ್ಟಿದ ಪಟ್ಟಿಗೂ ಬಹಳ ವ್ಯತ್ಯಾಸ, ಏರಿಳಿತವೆಲ್ಲ ಅದರೊಳಗೇ ಕೂತಿರುತ್ತದೆ.

ಪಟ್ಟಿಯ ಬಗ್ಗೆ ಇನ್ನೊಂದು. ವರ್ಷಗಟ್ಟಲೆ ಅದೇ ಹಾಡುಗಳನ್ನು ನುಡಿಸಿದರೆ ಬೆರಳಿಗೆ ಕೆಲಸವಿರುತ್ತದೆ, ಮನಸ್ಸಿಗಿರುವುದಿಲ್ಲ. ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಕಲಾವಿದರು, ಆಟಗಾರರು, ಪರ್ವತಾರೋಹಿಗಳನ್ನು ಮಾತನಾಡಿಸಿ ಕಂಡುಕೊಂಡದ್ದು ಇಷ್ಟು: ಕೆಲಸದ ಕಷ್ಟ ಕೈಯ ಕೌಶಲಕ್ಕೆ ಸರಿದೂಗಿದಾಗ ಮನುಷ್ಯ ಹೊತ್ತು ಮರೆಯುತ್ತಾನೆ. ಕಷ್ಟ ಮೀರಿದರೆ ಗಾಬರಿ, ಕೌಶಲ ಮೀರಿದರೆ ಬೇಸರ. ನಿಮ್ಮದು ಎರಡನೆಯದು. ಪ್ರತಿ ಕಾರ್ಯಕ್ರಮದಲ್ಲೂ ಒಂದು ಹಾಡನ್ನು ಪೂರ್ತಿ ಗಟ್ಟಿ ಮಾಡಿಕೊಳ್ಳದೆ ಇಡಿ. ಕಾಲ ಬದಲಿಸಿ ನೋಡಿ, ಹಿನ್ನೆಲೆಯ ಬಿಡಿಭಾಗವನ್ನು ಕೀಬೋರ್ಡ್ ಬಿಟ್ಟು ಕೊಳಲಿಗೆ ಕೊಡಿ, ಚರಣದ ಕೊನೆಯಲ್ಲಿ ತಬಲದವರಿಗೆ ನಾಲ್ಕು ಆವರ್ತನ ಬಿಟ್ಟು ಅವರು ಹೇಗೆ ಮರಳುತ್ತಾರೋ ಕಾಯಿರಿ. ಎಲ್ಲವನ್ನೂ ಹೀಗೆ ಮಾಡಿದರೆ ಪಾರ್ಟಿಯವರು ಮತ್ತೆ ಕರೆಯುವುದಿಲ್ಲ, ಒಂದು ಸಾಕು. ಹೊಸದನ್ನು ಕೂಡಿಸಲು ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳಿದೆಯಲ್ಲ, ಮದುವೆ ಇಲ್ಲ, ಹೊರಗೆ ಹೋಗಲು ಮಳೆ ಬಿಡುವುದಿಲ್ಲ.

ದುಡ್ಡಿನ ಮಾತು ಚಿಕ್ಕದು. ಮುಂಗಡ, ಊಟ, ಮರಳುವ ವಾಹನ, ಈ ಮೂರು ಮೊದಲೇ ತೀರ್ಮಾನವಾಗಿರಬೇಕು. ಕೊನೆಯ ಪಂಕ್ತಿಯೂ ಎದ್ದ ಮೇಲೆ ಊಟಕ್ಕೆ ಹುಡುಕಾಡಿದ ತಂಡ ಎಷ್ಟು ಚೆನ್ನಾಗಿ ನುಡಿಸಿದ್ದರೂ ಮಂಜಿನ ದಾರಿಯುದ್ದಕ್ಕೂ ಊಟದ ಮಾತನ್ನೇ ಆಡುತ್ತದೆ.

ಕಿವಿಯ ವಿಷಯವನ್ನು ನೀವು ಕೊನೆಯಲ್ಲಿ ಹೀಗೆ ಬಂದು ಹಾಗೆ ಹೋಗುವ ಮಾತಿನಂತೆ ಬರೆದಿದ್ದೀರಿ. ಅದು ಇದ್ದದ್ದೇ ಅಲ್ಲ. ಮರುದಿನವೂ ಗುಂಯ್ ಎನ್ನುತ್ತಿದೆ ಎಂದರೆ ಒಳಗಿವಿಗೆ ಅದರ ಶಕ್ತಿ ಮೀರಿ ಶಬ್ದ ಹೋಗಿದೆ. ವೃತ್ತಿಯಲ್ಲಿರುವವರಿಗೆ ಅಮೆರಿಕದ ಸಂಸ್ಥೆಯೊಂದು ಹೇಳುವ ಮಿತಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧವಾಗುತ್ತದೆ. ಲೆಕ್ಕ ಹಾಕಿ: 100 ಡೆಸಿಬೆಲ್‌ಗೆ ಕಾಲು ಗಂಟೆ ಮಾತ್ರ. ಡ್ರಮ್ ಪಕ್ಕದಲ್ಲಿ ಅಷ್ಟು ಆಗುವುದು ದೊಡ್ಡದಲ್ಲ. ಕಿವಿಯೊಳಗಿನ ಕೂದಲುಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ, ಮೊದಲು ಹೋಗುವುದು ಎತ್ತರದ ಸ್ವರಗಳು. ಈ ತಿಂಗಳೇ ಕಿವಿ, ಮೂಗು, ಗಂಟಲು ತಜ್ಞರ ಬಳಿ ಹೋಗಿ ಶ್ರವಣ ಪರೀಕ್ಷೆ ಮಾಡಿಸಿ. ಸಂಗೀತಗಾರರಿಗೆಂದೇ ಮಾಡಿದ ಕಿವಿಬಿರಡೆಗಳಿವೆ. ಮಾಮೂಲಿ ಸ್ಪಂಜಿನ ಬಿರಡೆ ಮೇಲಿನ ಸ್ವರಗಳನ್ನು ಹೆಚ್ಚು ನುಂಗಿ ಎಲ್ಲವನ್ನೂ ಮಬ್ಬಾಗಿಸುತ್ತದೆ, ಇವು ಎಲ್ಲವನ್ನೂ ಹೆಚ್ಚು ಕಡಿಮೆ ಸಮನಾಗಿ ತಗ್ಗಿಸುತ್ತವೆ. ಅಭ್ಯಾಸವಾಗಲು ಕೆಲವು ಕಾರ್ಯಕ್ರಮ ಬೇಕು. ಆಮೇಲೆ ಪಕ್ಕದವರು ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತಾರೆ ಎನ್ನುವವರನ್ನು ಬಲ್ಲೆ.

ಟ್ರ್ಯಾಕ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಟ್ರ್ಯಾಕ್‌ಗೆ ಕಿವಿ ಇಲ್ಲ. ಗಾಯಕರು ಒಂದು ಸಾಲನ್ನು ಇನ್ನೊಮ್ಮೆ ತಿರುವಿ ಹಾಡಬೇಕೆಂದರೆ ಅದು ನಿಲ್ಲುವುದಿಲ್ಲ, ಜನ ಮತ್ತೊಮ್ಮೆ ಎಂದರೂ ಅದಕ್ಕೆ ಗೊತ್ತಾಗುವುದಿಲ್ಲ. ನಿಮ್ಮ ಗಾಯಕರ ಕಷ್ಟವೂ ಸುಳ್ಳಲ್ಲ, ಏಳು ಜನರ ಸಂಭಾವನೆ ಕೊಡುವ ಪಾರ್ಟಿಗಳು ಕಡಿಮೆಯಾಗಿದ್ದಾರೆ. ಹಾಗಿದ್ದರೆ ಏಳರ ಬದಲು ಮೂವರು ಹೋಗಿ: ಹಾಡು, ಕೀಬೋರ್ಡ್, ತಬಲ. ನಾಪೋಕ್ಲಿನಲ್ಲಿ ನಾಲ್ವರಿಗೆ ಸಾಧ್ಯವಾದದ್ದು ಮೂವರಿಗೂ ಆಗುತ್ತದೆ. ಕುಣಿತದ ಎರಡು ಹಾಡಿಗೆ ಅನಿವಾರ್ಯವಾದರೆ ಟ್ರ್ಯಾಕ್ ಹಾಕಲಿ, ಆ ಹೊತ್ತಿಗೆ ನೀವು ನೀರು ಕುಡಿದು ಬನ್ನಿ.

ರೆಸಾರ್ಟ್ ಬಿಡಬೇಡಿ. ಅಲ್ಲಿ ಯಾರೂ ಕೇಳುವುದಿಲ್ಲ ಎಂಬ ಕೊರಗು ನಿಮ್ಮದು. ಪಂದಿಕರಿ ತಿನ್ನುವವರು ನಿಮ್ಮತ್ತ ತಿರುಗಿ ನೋಡುವುದಿಲ್ಲ, ನಿಜ, ತಿರುಗಬೇಕೆಂದು ಅವರು ದುಡ್ಡು ಕೊಟ್ಟೂ ಇಲ್ಲ. ಆದರೆ ಅಲ್ಲಿ ಸಣ್ಣ ಸ್ಪೀಕರ್, ತಗ್ಗಿದ ದನಿ, ಪಕ್ಕಪಕ್ಕದಲ್ಲೇ ಕೂರುವ ಜಾಗ, ಭಾಷಣವಿಲ್ಲ. ಒಬ್ಬರಿಗೊಬ್ಬರು ಕೇಳಿಸಲು ಬೇಕಾದ್ದೆಲ್ಲ ಅಲ್ಲಿದೆ. ಅದನ್ನು ಸಂಬಳ ಸಿಗುವ ತಾಲೀಮು ಎಂದುಕೊಳ್ಳಿ. ಜನರ ಗಮನಕ್ಕಾಗಿ ದನಿ ಏರಿಸುವುದನ್ನು ಬಿಟ್ಟು ಗಿಟಾರಿನವರೊಡನೆ ಎಷ್ಟು ಮೆಲ್ಲಗೆ ನುಡಿಸಬಹುದು ನೋಡಿ.

ಆ ಉತ್ಸವದವರು ಮುಂದಿನ ವರ್ಷ ಮತ್ತೆ ಕರೆದರೆ ಹೋಗಿ. ಒಪ್ಪಿಕೊಳ್ಳುವಾಗಲೇ ಎರಡು ಮಾತು ಹೇಳಿ: ಸಭಾ ಕಾರ್ಯಕ್ರಮಕ್ಕೆ ಮುಂಚೆ, ಜನ ಬರುವ ಮೊದಲು, ಅರ್ಧ ಗಂಟೆ ವೇದಿಕೆ ಮತ್ತು ಮೈಕ್ ಸೆಟ್‌ನವರು ನಿಮಗೆ ಸಿಗಬೇಕು, ನಿಮ್ಮ ಐದೂ ವಾದ್ಯಗಳು ನಾಲ್ಕು ಮೀಟರ್ ಅಗಲದೊಳಗೆ ಕೂರಬೇಕು. ಹೂಕುಂಡಗಳನ್ನು ಅವರು ಬೇರೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಲಿ.